ಕೃಷಿ ಹೊಂಡದ 500 ಮೈಕ್ರಾನ್ ಹಾಳೆ: ಕೊಳ್ಳುವ ಮುಂಚೆ ತೂಗಿ ನೋಡಿ

ಕಲಬುರಗಿ ಗಂಜ್ ಸುತ್ತಿನ ಕೃಷಿ ಸಾಮಾನಿನ ಅಂಗಡಿಗಳಿರಲಿ, ಬೀದರ್, ಯಾದಗಿರಿ ಪೇಟೆಯಿರಲಿ, ಮಳೆ ನೀರು ಹಿಡಿದಿಡುವ ಕೃಷಿ ಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆಗೆ ಎಲ್ಲ ಕಡೆ ಒಂದೇ ಹೆಸರು: 'ಐನೂರು ಮೈಕ್ರಾನ್', ಅಂದರೆ ಅರ್ಧ ಮಿಲಿಮೀಟರ್ ದಪ್ಪ. ಹೆಸರು ಒಂದಾದರೂ ಅದರಡಿ ಮಾರಾಟವಾಗುವ ಮಾಲು ಮೂರ್ನಾಲ್ಕು ಬಗೆ. ಕೆಲವು ಎಂಟು ಹತ್ತು ಮಳೆಗಾಲ ಬಾಳುತ್ತವೆ, ಕೆಲವು ಎರಡನೇ ಬೇಸಿಗೆಗೆ ಹಪ್ಪಳದ ಹಾಗೆ ಮುರಿಯುತ್ತವೆ.

ತೀರ್ಪು ಮೊದಲೇ ಹೇಳಿಬಿಡೋಣ. ಎರಡೂ ಮೈಗೆ ಲೇಪ ಹೊಡೆದ, ನೇಯ್ದ ಎಚ್‌ಡಿಪಿಇ (ಗಟ್ಟಿ ಬಗೆಯ ಪ್ಲಾಸ್ಟಿಕ್) ಹಾಳೆ ಒಳ್ಳೆಯ ಮಾಲು. ಮಸಾರಿ (ಕೆಂಪು ಮಣ್ಣು) ಮತ್ತು ಗರಸು (ಕಲ್ಲು ಬೆರೆತ) ನೆಲಕ್ಕೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆಳವಾದ ಎರೆ (ಕಪ್ಪು ಮಣ್ಣಿನ) ಹೊಲಕ್ಕೆ ಬಹಳ ಸಲ ಅದರ ಅಗತ್ಯವೇ ಇರುವುದಿಲ್ಲ. ಹಾಳೆ ಕೆಟ್ಟಿತು ಎಂಬ ದೂರುಗಳನ್ನು ಬಿಡಿಸಿ ನೋಡಿದರೆ ಹೆಚ್ಚಿನವುಗಳ ಮೂಲ ಮೂರೇ: ತೂಕದಲ್ಲಿ ಮೋಸ, ಮಟಮಟ ಮಧ್ಯಾಹ್ನ ಎಳೆದು ಹಾಸಿದ್ದು, ಬೇಸಿಗೆಯಲ್ಲಿ ಬರಿದಾಗಿ ಬಿಸಿಲಿಗೆ ಬಿಟ್ಟದ್ದು. ಮೂರನೆಯದಕ್ಕೆ ನಮ್ಮ ಭಾಗದಲ್ಲಿ ತೂಕ ಹೆಚ್ಚು. ಈ ಹಾಳೆಯ ಆಯಸ್ಸನ್ನು ವರ್ಷದಲ್ಲಿ ಎಣಿಸಬಾರದು, ಹೊಂಡ ಒಣಗಿ ನಿಂತ ದಿನಗಳಲ್ಲಿ ಎಣಿಸಬೇಕು. ಬಿಸಿಲು ಏರಿದ ಹಾಗೆ, ಹೊಂಡ ಬೇಗ ಬರಿದಾದ ಹಾಗೆ, ಆ ದಿನಗಳು ಹೆಚ್ಚುತ್ತಿವೆ.

ಬಗೆಗಳು ಹೀಗಿವೆ. ಎಲ್ಲಕ್ಕಿಂತ ಅಗ್ಗದ್ದು ನೀಲಿ ತಾಡಪತ್ರಿ. ಅದು ರಾಶಿ ಮುಚ್ಚುವ ಸಾಮಾನು, ಹೊಂಡದ್ದಲ್ಲ. ಅದಕ್ಕಿಂತ ಮೇಲೆ ತೆಳು ಎಲ್‌ಡಿಪಿಇ (ಮೆತ್ತನೆ ಬಗೆಯ ಪ್ಲಾಸ್ಟಿಕ್) ಫಿಲ್ಮ್, 250 ಮೈಕ್ರಾನಿನದು. ಅದರ ಮೇಲೆ ಒಂದು ಅಡಿ ಮಣ್ಣು ಮುಚ್ಚಿದರೆ ಬಾಳುತ್ತದೆ, ಬಿಸಿಲಿಗೆ ತೆರೆದಿಟ್ಟರೆ ಇಲ್ಲ. ಇಳಿಜಾರಿನ ಮೇಲೆ ಮಣ್ಣು ನಿಲ್ಲುವುದೂ ಇಲ್ಲ. ಮೂರನೆಯದು ನೇಯ್ದ ಎಚ್‌ಡಿಪಿಇ ಪಟ್ಟಿಗೆ ಎರಡೂ ಬದಿ ಲೇಪ ಹೊಡೆದದ್ದು, ಐಎಸ್ 15351 (ಭಾರತೀಯ ಮಾನಕ) ಗುರುತಿನದು. ಹರಿತಕ್ಕೆ, ಎಳೆತಕ್ಕೆ ಗಟ್ಟಿ, ಇಡೀ ಹೊಂಡದ ಅಳತೆಗೆ ಕಾರ್ಖಾನೆಯಲ್ಲೇ ಒಂದೇ ತುಂಡಾಗಿ ಬೆಸೆದು ಬರುತ್ತದೆ. ನಾಲ್ಕನೆಯದು ನೇಯ್ಗೆಯಿಲ್ಲದ ನುಣುಪು ಜಿಯೋಮೆಂಬ್ರೇನ್. ಅದು ಹೊಲದಲ್ಲೇ ಯಂತ್ರದಿಂದ ಬೆಸೆಯುವಂಥದ್ದು, ದೊಡ್ಡ ಹೊಂಡಕ್ಕೆ ಸರಿ. 21 ಮೀಟರ್ ಒಳಗಿನ ಹೊಂಡಕ್ಕೆ ಮೂರನೆಯದೇ ಸಾಕು.

ಮೋಸ ನಡೆಯುವುದು ಅಳತೆಯಲ್ಲಿ. ಮೈಕ್ರಾನ್ ಅಂದರೆ ದಪ್ಪ, ಜಿಎಸ್‌ಎಂ ಅಂದರೆ ಒಂದು ಚದರ ಮೀಟರಿನ ತೂಕ. ಎರಡನ್ನೂ ಕಲೆಸಿ ಮಾತಾಡುವ ಅಂಗಡಿಯಲ್ಲಿ ಎಚ್ಚರವಿರಲಿ. ನೇಯ್ದ ಹಾಳೆಯ ಉಬ್ಬಿನ ಮೇಲೆ ಗೇಜ್ ಇಟ್ಟರೆ 500 ತೋರಿಸುತ್ತದೆ, ಎಳೆಗಳ ನಡುವಿನ ತೆಳು ಜಾಗ ಗೇಜಿಗೆ ಸಿಗುವುದಿಲ್ಲ. ತೂಕಕ್ಕೆ ಮಾತ್ರ ಸುಳ್ಳು ಹೇಳಲು ಬರುವುದಿಲ್ಲ. ಸ್ಯಾಂಪಲ್ ತುಂಡಿನಿಂದ 10 ಸೆಂಟಿಮೀಟರ್ ಚೌಕದ ಹತ್ತು ತುಂಡು ಕತ್ತರಿಸಿ ಒಟ್ಟಿಗೆ ತೂಗಿಸಿ. ಅಕ್ಕಸಾಲಿಗರ ತಕ್ಕಡಿಯಾದರೆ ಒಳ್ಳೆಯದು, ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿಯೂ ನಡೆಯುತ್ತದೆ. ಎಚ್‌ಡಿಪಿಇ ನೀರಿಗಿಂತ ತುಸು ಹಗುರ. ಪೂರ್ತಿ 500 ಮೈಕ್ರಾನ್ ದಪ್ಪದ ಹಾಳೆಯ ಹತ್ತು ತುಂಡು ಸುಮಾರು 47 ಗ್ರಾಂ ತೂಗಬೇಕು. ನೇಯ್ದದ್ದಾದರೆ ನಾಲ್ಕೈದು ಗ್ರಾಂ ಕಡಿಮೆ ಬಂದರೂ ಒಪ್ಪಬಹುದು. 28 ಗ್ರಾಂ ಬಂದರೆ ಅದು 300 ಮೈಕ್ರಾನ್ ಮಾಲು, ಬಿಲ್ಲಿನಲ್ಲಿ ಏನೇ ಬರೆದಿರಲಿ. ದರ ಹೋಲಿಸುವಾಗಲೂ ಚದರ ಮೀಟರಿನ ದರ ಬಿಟ್ಟು ಕಿಲೋ ಲೆಕ್ಕಕ್ಕೆ ಇಳಿಸಿ ನೋಡಿ. ಅಗ್ಗ ಎನಿಸಿದ್ದು ಎಷ್ಟೋ ಸಲ ತುಟ್ಟಿಯಾಗಿ ಕಾಣುತ್ತದೆ.

ತೂಕದ ಜೊತೆ ಇನ್ನೆರಡು ಪರೀಕ್ಷೆ. ಅಂಗೈ ಅಗಲದ ಪಟ್ಟಿಯನ್ನು ಮಡಿಸಿ, ಮಡಿಕೆಯ ಮೇಲೆ ಉಗುರಿನಿಂದ ಬಿಗಿಯಾಗಿ ಎಳೆದು, ಬಿಡಿಸಿ, ಅದೇ ಗೆರೆಯಲ್ಲಿ ಹತ್ತು ಸಲ ಹಿಂದೆ ಮುಂದೆ ಮಡಿಸಿ. ಲೇಪ ಬಿರಿದು ಒಳಗಿನ ಎಳೆ ಕಂಡರೆ ಬೇಡ. ಆಮೇಲೆ ಅದನ್ನೇ ಸೂರ್ಯನ ಕಡೆ ಹಿಡಿದು ನೋಡಿ: ಸೂಜಿಮೊನೆಯಷ್ಟು ಬೆಳಕು ನುಸುಳಿದರೂ ಆ ಥಾನು ವಾಪಸು ಕಳಿಸಿ. ಬಿಸಿಲು ತಡೆಯುವ ಗುಣ ಬರುವುದು ಒಳಗೆ ಬೆರೆಸಿದ ಕಾರ್ಬನ್ ಕಪ್ಪಿನಿಂದ. ಹಾಗಾಗಿ ಕಪ್ಪು ಮೈ ಮೇಲೆ ಬರುವಂತೆಯೇ ಹಾಸಬೇಕು.

ಇನ್ನು ನಿಮ್ಮ ನೆಲಕ್ಕೆ ಹಾಳೆ ಬೇಕೋ ಬೇಡವೋ ಎಂಬ ಮಾತು. ಇದನ್ನು ಮಾರುವವರು ಹೇಳುವುದಿಲ್ಲ. ಅಫಜಲಪುರ, ಆಳಂದ, ಜೇವರ್ಗಿ ಕಡೆಯ ಆಳ ಎರೆಯಲ್ಲಿ ಒಮ್ಮೆ ನೀರು ಕುಡಿದ ಮಣ್ಣು ಉಬ್ಬಿ ತಾನೇ ಬಾಯಿ ಮುಚ್ಚಿಕೊಳ್ಳುತ್ತದೆ. ಪರೀಕ್ಷೆ ಸುಲಭ. ಹೊಂಡ ತೋಡುವ ಆಳದ ಮಣ್ಣು ಸಿಗುವ ಹಾಗೆ ಒಂದು ಗುಂಡಿ ತೋಡಿ, ನೀರು ತುಂಬಿ, ಮೂರು ದಿನ ಕುಡಿಯಲು ಬಿಡಿ. ಮತ್ತೆ ತುಂಬಿ, ಒಂದು ಕೋಲು ನೆಟ್ಟು ಗುರುತು ಹಾಕಿ. ಪಕ್ಕದಲ್ಲೇ ಬಕೆಟ್ ತುಂಬಾ ನೀರಿಟ್ಟು ಅದಕ್ಕೂ ಗುರುತು ಹಾಕಿ. ಬಕೆಟ್ ಇಳಿದಷ್ಟು ಆವಿಯಾಗಿ ಹೋದದ್ದು. ಗುಂಡಿ ಅದಕ್ಕಿಂತ ಹೆಚ್ಚು ಇಳಿದದ್ದು ಇಂಗಿದ್ದು. ದಿನಕ್ಕೆ ಅರ್ಧ ಸೆಂಟಿಮೀಟರಿನೊಳಗೆ ಇಂಗಿದರೆ ಹಾಳೆಯ ದುಡ್ಡು ಬೇಲಿಗೂ ಹನಿ ನೀರಾವರಿಗೂ ಹಾಕಿ. ಈ ಪರೀಕ್ಷೆ ಆಗಸ್ಟಿನಲ್ಲಿ ಮಾಡಬೇಕು. ಮೇ ತಿಂಗಳಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟ ಎರೆಗೆ ನೀರು ಹಾಕಿದರೆ ಗುಂಡಿ ಕಣ್ಣೆದುರೇ ಖಾಲಿಯಾಗುತ್ತದೆ, ಆ ಲೆಕ್ಕ ಸುಳ್ಳಾಗುತ್ತದೆ. ಎರೆಯ ಕೆಳಗೆ ಆರು ಏಳು ಅಡಿಗೆ ಗರಸು ಸಿಕ್ಕರೆ ಮಾತ್ರ ಹೊಂಡದ ತಳ ಸೋರುತ್ತದೆ, ಆಗ ಹಾಳೆ ಬೇಕೇ ಬೇಕು.

ಬೀದರಿನ ಕೆಂಪು ಜಂಬಿಟ್ಟಿಗೆ ನೆಲದ್ದು ಬೇರೆಯೇ ಕಥೆ. ಅಲ್ಲಿ ಮಳೆ ನೀರು ಜಂಬಿಟ್ಟಿಗೆಯಲ್ಲಿ ಇಳಿದು ಕೆಳಗಿನ ಕರಿಕಲ್ಲಿನ ಮೇಲೆ ನಿಲ್ಲುತ್ತದೆ. ಬಹಮನಿ ಕಾಲದ ನೌಬಾದ್ ಕರೇಜ್ ಸುರಂಗಕ್ಕೆ ನೀರು ಬರುವುದೇ ಈ ಗುಣದಿಂದ. ಅಂಥ ನೆಲದಲ್ಲಿ ಹಾಳೆಯಿಲ್ಲದ ಹೊಂಡ ಜರಡಿ. ಆದರೆ ಕೆಳಗಡೆ ನಿಮ್ಮದೇ ತೆರೆದ ಬಾವಿಯಿದ್ದರೆ ಹೊಂಡವನ್ನು ಹಾಸದೆ ಇಂಗುಗುಂಡಿಯಾಗಿಯೇ ಬಿಡಿ, ಬಾವಿ ತುಂಬುತ್ತದೆ. ಗುರುಮಠಕಲ್, ಯಾದಗಿರಿ ಸುತ್ತಿನ ಮಸಾರಿ ನೆಲಕ್ಕೆ ಹಾಳೆ ಹಾಸುವುದೇ ಸರಿ.

ಹೊಂಡಕ್ಕೆ ಸಹಾಯಧನ ಕೊಡುವ, 2014ರಲ್ಲಿ ಶುರುವಾದ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ದೊಡ್ಡ ಅಳತೆ 21 ಮೀಟರ್ ಉದ್ದ, 21 ಅಗಲ, 3 ಆಳ. ಇದರಲ್ಲಿ ನೀರು ಎಷ್ಟು ನಿಲ್ಲುತ್ತದೆ ಎಂದರೆ ಹಲವರು 21ಕ್ಕೆ 21, ಅದಕ್ಕೆ 3 ಗುಣಿಸಿ 13 ಲಕ್ಷ ಲೀಟರ್ ಎನ್ನುತ್ತಾರೆ. ಹೊಂಡದ ಗೋಡೆ ನೆಟ್ಟಗಿರುವುದಿಲ್ಲ. ಎರೆಯಲ್ಲಿ ಒಂದು ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಇಳಿಜಾರು ಕೊಡದಿದ್ದರೆ ಗೋಡೆ ಕುಸಿಯುತ್ತದೆ. ಹಾಗೆ ಕೊಟ್ಟರೆ ತಳ 12 ಮೀಟರಿಗೆ ಇಳಿಯುತ್ತದೆ. ಮೇಲೆ ಅರ್ಧ ಮೀಟರ್ ಖಾಲಿ ಬಿಟ್ಟು ಲೆಕ್ಕ ಹಾಕಿದರೆ ನಿಲ್ಲುವುದು ಸುಮಾರು 6.3 ಲಕ್ಷ ಲೀಟರ್. ಆಗಸ್ಟಿನಲ್ಲಿ ತುಂಬಿ ಅಕ್ಟೋಬರಿನವರೆಗೆ ಕಾದರೆ, ದಿನಕ್ಕೆ 5 ಮಿಲಿಮೀಟರ್ ಆವಿಯ ಲೆಕ್ಕದಲ್ಲಿ ಇನ್ನೊಂದು ಲಕ್ಷ ಲೀಟರ್ ಆಕಾಶಕ್ಕೆ. ಉಳಿದ ಐದು ಚಿಲ್ಲರೆ ಲಕ್ಷ ಲೀಟರಿನಲ್ಲಿ ಎರಡೂವರೆ ಎಕರೆಗೆ 50 ಮಿಲಿಮೀಟರಿನ ಒಂದು ನೀರು ಕೊಡಬಹುದು. ಹನಿ ನೀರಾವರಿಯಲ್ಲಿ ಸಾಲಿಗಷ್ಟೇ ಕೊಟ್ಟರೆ ಐದು ಎಕರೆಗೆ ಎಳೆಯಬಹುದು. ಟಿಎಸ್-3ಆರ್ ತಳಿಯ ತೊಗರಿಗೆ ಮೊಗ್ಗು ಬರುವಾಗ ಒಂದು, ಕಾಯಿ ತುಂಬುವಾಗ ಒಂದು. ಬರದ ವರ್ಷ ಚೀಲ ತುಂಬುವುದೋ ಬರೀ ಕಟ್ಟಿಗೆ ಮನೆಗೆ ಬರುವುದೋ ನಿರ್ಧಾರ ಆಗುವುದು ಇಲ್ಲೇ. ಪೂರ್ತಿ ಹೂವಾಡುವಾಗ ತುಂತುರು ಹಾಯಿಸಬೇಡಿ, ಹೂ ಉದುರುತ್ತದೆ.

ಹೊಂಡ ತುಂಬಲು ಎಷ್ಟು ಹೊಲದ ನೀರು ಬೇಕು ಎಂಬುದನ್ನೂ ಅಳೆಯಬೇಕು. ಮುಂಗಾರಿನಲ್ಲಿ 500 ಮಿಲಿಮೀಟರ್ ಬಿದ್ದು ಅದರ 15 ಪ್ರತಿಶತ ಹರಿದು ಬಂದರೆ ಒಂದು ಎಕರೆಯಿಂದ 3 ಲಕ್ಷ ಲೀಟರ್. ಎರಡು ಎಕರೆಗೆ ಹೊಂಡ ತುಂಬುತ್ತದೆ. 300 ಮಿಲಿಮೀಟರಿನ ಬರದ ವರ್ಷ ಮಣ್ಣೇ ಹೆಚ್ಚು ಕುಡಿದು 10 ಪ್ರತಿಶತ ಹರಿದರೆ ಎಕರೆಗೆ 1.2 ಲಕ್ಷ ಲೀಟರ್ ಮಾತ್ರ. ಐದು ಎಕರೆ ಬೇಕಾಗುತ್ತದೆ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಹೊಂಡ ಕಟ್ಟುವುದೇ ಅಂಥ ವರ್ಷಕ್ಕಾಗಿ, ಆದ್ದರಿಂದ ಅಂಥ ವರ್ಷದ ಲೆಕ್ಕವನ್ನೇ ಹಿಡಿಯಿರಿ. ಹರಿವಿನ ಹೊಲ ಸಾಲದಿದ್ದರೆ 15 ಮೀಟರಿನ ಹೊಂಡ ಮಾಡಿ. ಅರೆ ತುಂಬಿದ ದೊಡ್ಡ ಹೊಂಡದ ಮೇಲಿನ ಅರ್ಧ ಹಾಳೆ ವರ್ಷವಿಡೀ ಬಿಸಿಲಿಗೆ ಬೇಯುತ್ತದೆ.

ಹಾಳೆಯ ಅಳತೆಯಲ್ಲಿ ಜಿಪುಣತನ ಬೇಡ. 12 ಮೀಟರ್ ತಳ, ಎರಡು ಬದಿಯ ಇಳಿಜಾರು 5.4ರಂತೆ 10.8, ಅಂಚಿಗೆ ಎರಡೂ ಬದಿ ಒಂದೂವರೆ ಮೀಟರಿನಂತೆ 3. ಒಟ್ಟು 25.8. ಸಡಿಲಕ್ಕೆ ಸೇರಿಸಿ 26.5 ಮೀಟರ್ ಚೌಕ, ಅಂದರೆ ಸುಮಾರು 700 ಚದರ ಮೀಟರ್. ಅಂಗಡಿಯವರು 25ಕ್ಕೆ 25 ಸಾಕು ಎಂದರೆ ಕಡಿಮೆಯಾಗುವುದು ಅಂಚಿನಲ್ಲಿ, ಮತ್ತು ಕೀಳುವುದೂ ಅಲ್ಲೇ.

ತೋಡಿದ ಹೊಂಡ ಹಾಳೆಗೆ ಹಾಸಿಗೆಯ ಹಾಗಿರಬೇಕು. ಜೆಸಿಬಿಯ ಹಲ್ಲಿನ ಗೀರು, ಎದ್ದು ನಿಂತ ಗರಸು ಕಲ್ಲು, ಬಳ್ಳಾರಿ ಜಾಲಿಯ ಮುಳ್ಳು, ಇವುಗಳಿಗಿಂತ ಕೆಟ್ಟದ್ದು ತೊಗರಿ ಕೂಳೆ. ಓರೆಯಾಗಿ ಕೊಯ್ದ ಕೂಳೆಯ ತುದಿ ಒಣಗಿದ ಮೇಲೆ ಮೊಳೆಯಷ್ಟು ಚೂಪು. ಹೊಂಡದ ದಂಡೆಯಲ್ಲಿ ಒಂದೇ ಒಂದು ಉಳಿದಿದ್ದರೂ ನೀರಿನ ಭಾರಕ್ಕೆ ಹಾಳೆಯನ್ನು ಕೆಳಗಿನಿಂದ ಚುಚ್ಚುತ್ತದೆ. ಬುಡಸಮೇತ ಕಿತ್ತು, ಜರಡಿ ಹಿಡಿದ ಮಣ್ಣನ್ನು ನಾಲ್ಕು ಬೆರಳು ದಪ್ಪ ಹಾಕಿ, ನೀರು ಚಿಮುಕಿಸಿ ದಮ್ಮಸು ಮಾಡಿ. ಬರಿಗಾಲಲ್ಲಿ ತಳದ ಮೂಲೆ ಮೂಲೆಗೂ ನಡೆದು ನೋಡಿ, ಕಾಲಿಗೆ ಚುಚ್ಚಿದ್ದೆಲ್ಲ ಹಾಳೆಗೂ ಚುಚ್ಚುತ್ತದೆ.

ಹಾಸುವುದು ಬೆಳಗ್ಗೆ ಒಂಬತ್ತರೊಳಗೆ ಮುಗಿಯಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ಎಚ್‌ಡಿಪಿಇ ಒಂದು ಮೀಟರಿಗೆ, ಒಂದು ಡಿಗ್ರಿಗೆ 0.2 ಮಿಲಿಮೀಟರ್ ಹಿಗ್ಗುತ್ತದೆ. ಮೇ ತಿಂಗಳ ಮಧ್ಯಾಹ್ನ ಕಪ್ಪು ಹಾಳೆಯ ಮೈ 60 ಡಿಗ್ರಿ ದಾಟುತ್ತದೆ. ಆಗ ಬಿಗಿಯಾಗಿ ಎಳೆದು ಅಂಚು ಹೂತರೆ, ಬೆಳಗಿನ ಜಾವ 30 ಡಿಗ್ರಿಗೆ ಇಳಿದಾಗ 26 ಮೀಟರ್ ಹಾಳೆ 15 ಸೆಂಟಿಮೀಟರಿಗೂ ಹೆಚ್ಚು ಕುಗ್ಗುತ್ತದೆ. ತಳದ ಮೂಲೆಗೆ ಹೋಗಿ ನೋಡಿ: ಹಾಳೆ ಮಣ್ಣಿಗೆ ತಾಗದೆ ಡೊಳ್ಳಿನ ಚರ್ಮದ ಹಾಗೆ ಬಿಗಿದು ನಿಂತಿರುತ್ತದೆ, ಬೆರಳಿನಿಂದ ಬಡಿದರೆ ಢಮ್ ಎನ್ನುತ್ತದೆ. ಮೊದಲ ದೊಡ್ಡ ಮಳೆಗೆ ನೀರಿನ ಭಾರ ಬಿದ್ದು ಹರಿಯುವುದು ಅಲ್ಲಿಯೇ. ಮೂಲೆಗಳಲ್ಲಿ ಒಂದೊಂದು ಮಡಿಕೆ ಸಡಿಲ ಬಿಟ್ಟು, ಒಂದು ಅಡಿ ನೀರು ಬಿಟ್ಟು ಕೂರಿಸಿ, ಎರಡು ದಿನದ ಮೇಲೆ ಅಂಚು ಹೂಳಿ.

ಅಂಚಿಗೆ ಹೊಂಡದ ಬಾಯಿಯಿಂದ ಅರ್ಧ ಮೀಟರ್ ದೂರದಲ್ಲಿ ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳದ ಚರಂಡಿ ತೋಡಿ ಹಾಳೆಯನ್ನು ಒಳಗಿಳಿಸಿ, ತಳದಲ್ಲಿ ಮಡಿಸಿ, ಮಣ್ಣು ತುಂಬಬೇಕು. ಬರೀ ಎರೆ ತುಂಬಿದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಹಿಡಿತ ತಪ್ಪುತ್ತದೆ. ಮಸಾರಿ ಅಥವಾ ಗರಸು ಮಿಶ್ರ ಮಣ್ಣು ಹಾಕಿ ದಮ್ಮಸು ಮಾಡಿ. ಅಲ್ಲಿ ಗರಸು ಹಾಳೆಗೆ ಚುಚ್ಚುವುದಿಲ್ಲ, ನೀರಿನ ಭಾರ ಅದರ ಮೇಲಿಲ್ಲ.

ಹಾಸಿಕೊಡುವ ಸೇವೆಯ ಬಗ್ಗೆ ನಮ್ಮ ಅಭಿಪ್ರಾಯ ಅಷ್ಟು ಒಳ್ಳೆಯದಿಲ್ಲ. ಬರುವ ತಂಡಗಳಿಗೆ ದಿನಕ್ಕೆ ಎರಡು ಮೂರು ಹೊಂಡ ಮುಗಿಸುವ ಅವಸರ, ಹಾಗಾಗಿ ಮಧ್ಯಾಹ್ನದ ಹೊಂಡ ಯಾರ ಪಾಲಿಗಾದರೂ ಬಂದೇ ಬರುತ್ತದೆ. ಮೊದಲ ಪಾಳಿ ನಿಮ್ಮದೇ ಎಂದು ಒಪ್ಪಿಸಿ ಆಮೇಲೆ ಮುಂಗಡ ಕೊಡಿ. ಕೆಲವರು ಜೋಡಿಗೆ ಅಂಟು ಬಳಿಯುತ್ತಾರೆ. ಎಚ್‌ಡಿಪಿಇಗೆ ಯಾವ ಅಂಟೂ ಹಿಡಿಯುವುದಿಲ್ಲ, ಬಿಸಿ ಬೆಸುಗೆ ಮಾತ್ರ. ಬೆಸುಗೆಯ ತುದಿಯಲ್ಲಿ ಒಂದು ಪಟ್ಟಿ ಕತ್ತರಿಸಿ ಎರಡೂ ಕಡೆ ಎಳೆಸಿ ನೋಡಿ. ಹಾಳೆ ಹರಿಯಬೇಕು, ಬೆಸುಗೆ ಬಿಡಬಾರದು.

ನೀರು ಒಳಬರುವ ಬಾಯಿಯನ್ನು ಹಳೆಯ ಮಳೆಯ ಲೆಕ್ಕದಲ್ಲಿ ಮಾಡುವುದು ಈಗ ತಪ್ಪು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಪ್ರತಿಶತ ಹೆಚ್ಚು ತೇವ ಹಿಡಿಯುತ್ತದೆ. ವಾರಗಟ್ಟಲೆ ಮಳೆ ಕೈಕೊಟ್ಟು ಆಮೇಲೆ ಒಂದೇ ತಾಸಿನಲ್ಲಿ ಸುರಿದುಬಿಡುತ್ತದೆ. ತಾಸಿಗೆ 50 ಮಿಲಿಮೀಟರ್ ಬಿದ್ದು ಅದರ ಐದರಲ್ಲಿ ಎರಡು ಪಾಲು ಹರಿದರೆ ಎರಡು ಎಕರೆಯಿಂದ ಸೆಕೆಂಡಿಗೆ 45 ಲೀಟರ್ ಬರುತ್ತದೆ. ಆರಿಂಚಿನ ಒಂದು ಪೈಪು ಒಯ್ಯುವುದು 20 ಲೀಟರ್ ಅಷ್ಟೇ, ಉಳಿದದ್ದು ದಂಡೆ ಕೊರೆದು ಹಾಳೆಯ ಹಿಂದೆ ಇಳಿಯುತ್ತದೆ. ಪೈಪು ಬಿಟ್ಟು ಒಂದು ಮೀಟರ್ ಅಗಲದ ತೆರೆದ ಕಾಲುವೆಗೆ ಶಹಾಬಾದ್ ಪರಸಿ (ಕಲ್ಲು ಚಪ್ಪಡಿ) ಹಾಸುವುದೇ ನಮ್ಮಲ್ಲಿ ಸುಲಭ. ಪರಸಿಯ ಅಂಚು ಬ್ಲೇಡಿನ ಹಾಗಿರುತ್ತದೆ, ಅದರ ಕೆಳಗೆ ಹಳೆ ಹಾಳೆಯ ಎರಡು ಮಡಿಕೆ ಹಾಕಿ. ಕಾಲುವೆಗೆ ಮುಂಚೆ ಎರಡು ಮೀಟರ್ ಚೌಕ, ಒಂದು ಮೀಟರ್ ಆಳದ ಹೂಳು ಗುಂಡಿ ಇರಲಿ. ಎದುರು ಬದಿಯಲ್ಲಿ ಅಷ್ಟೇ ಅಗಲದ ಕೋಡಿಯೂ ಬೇಕು.

ಹಾಳೆಯ ಕೆಳಗೆ ನೀರು ಸೇರಿದರೆ ಹೊಂಡದ ನಡುವೆ ಅದು ಎಮ್ಮೆಯ ಬೆನ್ನಿನ ಹಾಗೆ ಉಬ್ಬಿ ಮೇಲೇಳುತ್ತದೆ. ಚುಚ್ಚಿ ಇಳಿಸಲು ಹೋಗಬೇಡಿ. ಮೇಲ್ಗಡೆಯ ಹೊಲದ ಬದುವಿಗೆ ಬಸಿಗಾಲುವೆ ತೋಡಿ ಆ ನೀರನ್ನು ಬೇರೆ ದಾರಿಗೆ ತಿರುಗಿಸಿ, ಹಾಳೆ ತಾನೇ ಕೂರುತ್ತದೆ.

ಪಂಪಿನ ಫುಟ್‌ವಾಲ್ವನ್ನು ತಳದಲ್ಲಿ ಬಿಟ್ಟರೆ ಅದರ ಜಗ್ಗಾಟಕ್ಕೆ ಹಾಳೆ ತೇಯುತ್ತದೆ. ಖಾಲಿ 20 ಲೀಟರಿನ ಕ್ಯಾನಿಗೆ ಕಟ್ಟಿ ನೀರಿನ ಮಟ್ಟದಿಂದ ಒಂದು ಅಡಿ ಕೆಳಗೆ ತೇಲಿಬಿಡಿ. ಪೈಪಿಗಾಗಿ ಹಾಳೆ ಕತ್ತರಿಸುವುದಂತೂ ಬೇಡವೇ ಬೇಡ.

ಇನ್ನು ಬೇಸಿಗೆ. ಹಾಳೆ ಉಳಿಯಲು ತಳದಲ್ಲಿ ಸದಾ ಒಂದು ಅಡಿ ನೀರಿರಲಿ ಎಂದು ಎಲ್ಲ ಕೈಪಿಡಿಗಳೂ ಬರೆಯುತ್ತವೆ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ದಿನಕ್ಕೆ 10 ಮಿಲಿಮೀಟರ್ ಆವಿಯಾಗುತ್ತದೆ. ಒಂದು ಅಡಿ ನೀರು ತಿಂಗಳಿಗೆ ಮಾಯ. ಅದನ್ನು ಉಳಿಸಲು ಟ್ಯಾಂಕರ್ ತರಿಸುವುದು ಯಾರಿಗೂ ಆಗದ ಮಾತು, ಬೋರಿನ ನೀರು ಹಾಕುವುದಂತೂ ಕುಡಿಯುವ ನೀರಿಗೇ ಕೈ ಹಾಕಿದ ಹಾಗೆ. ಬದಲಿಗೆ ತಳದಲ್ಲೂ ಇಳಿಜಾರಿನ ಬುಡದಲ್ಲೂ ಎರಡು ಮೀಟರಿಗೊಂದರಂತೆ ಮರಳಿನ ಚೀಲ ಇಡಿ. ಗರಸು ತುಂಬಿದ ಚೀಲ ಬೇಡ, ಚುಚ್ಚುತ್ತದೆ. ಗೊಬ್ಬರದ ಚೀಲ ಬಿಸಿಲಿಗೆ ಪುಡಿಯಾಗುತ್ತದೆ, ಎರಡು ಚೀಲ ಒಂದರೊಳಗೊಂದು ಹಾಕಿ. ಇಳಿಜಾರಿನ ಮೇಲೆ ಜೋಳದ ಸೊಪ್ಪೆಯ ಸಿವುಡು ಅಥವಾ ನೆರಳು ಬಲೆ ಹಾಸಿದರೆ ಹಾಳೆಗೆ ಇನ್ನೂ ಎರಡು ಬೇಸಿಗೆ ಆಯಸ್ಸು. ಹೂಳು ತೆಗೆಯುವುದಿದ್ದರೆ ಸಲಿಕೆ ಮುಟ್ಟಿಸಬೇಡಿ. ಪ್ಲಾಸ್ಟಿಕ್ ಪುಟ್ಟಿಯಿಂದ ಎಳೆದು ಎತ್ತಿ.

ಸೋರುವ ತೂತು ಹುಡುಕಲು ಒಂದು ಉಪಾಯವಿದೆ. ಹೊಂಡದಲ್ಲಿ ಕೋಲಿನ ಗುರುತು, ಪಕ್ಕದಲ್ಲಿ ಬಕೆಟ್. ಹೊಂಡ ಬಕೆಟ್ಟಿಗಿಂತ ಬೇಗ ಇಳಿಯುತ್ತಾ ಬಂದು, ಒಂದು ಮಟ್ಟಕ್ಕೆ ಬಕೆಟ್ಟಿನ ವೇಗಕ್ಕೇ ನಿಂತರೆ ತೂತು ಆ ಮಟ್ಟದ ಗೆರೆಯಲ್ಲೇ ಇದೆ. ಆ ಗೆರೆಯ ಸುತ್ತ ನಡೆದು ನೋಡಿದರೆ ಸಿಗುತ್ತದೆ. ತೇಪೆ ದುಂಡಗಿರಲಿ, ತೂತಿನ ಎಲ್ಲ ಬದಿಗೂ 15 ಸೆಂಟಿಮೀಟರ್ ದೊಡ್ಡದಿರಲಿ, ಒರೆಸಿ ಒಣಗಿಸಿ ಬಿಸಿಗಾಳಿ ಗನ್ನಿನಿಂದ ಬೆಸೆಯಿಸಿ.

ಬಿಲ್ಲಿನಲ್ಲಿ ಜಿಎಸ್‌ಎಂ, ಐಎಸ್ ಸಂಖ್ಯೆ, ಲಾಟ್ ಸಂಖ್ಯೆ, ಹಾಸಿದ ತಾರೀಖು ನಾಲ್ಕೂ ಬರೆಸಿಕೊಳ್ಳಿ. ಗ್ಯಾರಂಟಿ ಐದು ವರ್ಷ ಎಂದು ಬಾಯಲ್ಲಿ ಹೇಳಿದ್ದು ಹರಿದ ಹಾಳೆಯ ಮುಂದೆ ನಿಲ್ಲುವುದಿಲ್ಲ. ತೂಗಿದ ಹತ್ತು ತುಂಡನ್ನು ಬಿಲ್ಲಿನ ಜೊತೆ ಪಿನ್ ಹೊಡೆದು ಇಟ್ಟುಕೊಳ್ಳಿ. ಕೃಷಿ ಭಾಗ್ಯದ ಸಹಾಯಧನ ಸಾಮಾನ್ಯ ವರ್ಗಕ್ಕೆ 80, ಪರಿಶಿಷ್ಟರಿಗೆ 90 ಪ್ರತಿಶತ. ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಹಾಕಿ ಮಂಜೂರಾದ ಮೇಲೆಯೇ ಜೆಸಿಬಿ ಕರೆಸಿ.

ಕೊನೆಗೆ ಬೇಲಿ, ಇದನ್ನು ಹಾಳೆಯ ಖರ್ಚಿನಲ್ಲೇ ಸೇರಿಸಿ. ಒದ್ದೆ ಹಾಳೆಯ ಇಳಿಜಾರನ್ನು ಈಜು ಬಲ್ಲ ಗಂಡಸೂ ಹತ್ತಲಾರ; ಮಗುವಿಗೆ, ಕರುವಿಗೆ, ನೀರಿಗೆ ಬಂದ ಚಿಗರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಸುತ್ತ ಐದಡಿ ಎತ್ತರದ ತಂತಿ ಬೇಲಿ, ಬೀಗವಿರುವ ಬಾಗಿಲು ಇರಲಿ. ನಾಲ್ಕೂ ಬದಿಯಲ್ಲಿ ದಂಡೆಯ ಗೂಟದಿಂದ ತಳದವರೆಗೆ ಇಳಿಬಿಟ್ಟ ದಪ್ಪ ಹಗ್ಗ ಇರಬೇಕು, ಒಂದೊಂದು ಅಡಿಗೆ ಒಂದು ಗಂಟು ಹಾಕಿ. ಒಂದು ಬದಿಯಲ್ಲಿ ಹಳೆ ಟೈರುಗಳನ್ನು ಹಗ್ಗದಿಂದ ಪೋಣಿಸಿ ಮೆಟ್ಟಿಲ ಹಾಗೆ ಇಳಿಬಿಡಿ. ತಂತಿ ಟೈರಿನಿಂದ ಹೊರಬಂದಿದ್ದರೆ ಕತ್ತರಿಸಿ ಹಾಕಿ, ಅದು ಹಾಳೆಯನ್ನೂ ಕೈಯನ್ನೂ ಹರಿಯುತ್ತದೆ.